ಕಣ್ಣು ಮುಚ್ಚಿದರೆ ಎದೆ ಡವಡವ

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕಿ. ಎರಡು ವರ್ಷ ಹಾಸಿಗೆ ಹಿಡಿದಿದ್ದ ಅತ್ತೆಯವರ ಆರೈಕೆ ಮಾಡಿದೆ. ಯುಗಾದಿಗೆ ಮುಂಚೆ ಅವರು ತೀರಿಕೊಂಡರು. ಈಗ ಕೆಲಸ ಕಡಿಮೆಯಾಗಿದ್ದರೂ ನಿದ್ದೆ ಬರುತ್ತಿಲ್ಲ, ಮಕ್ಕಳ ಮೇಲೆ ರೇಗುತ್ತೇನೆ. ಧ್ಯಾನಕ್ಕೆ ಕೂತರೆ ಎದೆ ಡವಡವ ಎನ್ನುತ್ತದೆ, ಆಸ್ಪತ್ರೆಯ ವಾರ್ಡೇ ಕಣ್ಣಮುಂದೆ ಬರುತ್ತದೆ. ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಹೋಗು ಅನ್ನುತ್ತಾಳೆ ಅಕ್ಕ. ಹೋಗಲೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಈಗಲೇ ಬೇಡಮ್ಮ. ಅಭ್ಯಾಸ ಒಳ್ಳೆಯದೇ, ಆದರೆ ಹತ್ತು ದಿನ ಮೌನ, ದಿನಕ್ಕೆ ಸುಮಾರು ಹತ್ತು ಗಂಟೆ ಕೂರುವುದು ಬಸವಳಿದ ಮನಸ್ಸಿಗೆ ಹೊರೆ.

ಅತ್ತೆ ಕೆಮ್ಮಿದರೂ ಸಾಕು, ನಡುರಾತ್ರಿ ಎದ್ದು ಕೂತ ಮೈ ನಿಮ್ಮದು. ಆ ಎಚ್ಚರ ಅವರ ಜೊತೆಗೇ ಹೊರಟುಹೋಗುವುದಿಲ್ಲ. ಕೆಲಸದ ಭರದಲ್ಲಿ ಅದುಮಿಟ್ಟದ್ದೆಲ್ಲ ಸುಮ್ಮನೆ ಕೂತಾಗ ಮೇಲೆ ಬರುತ್ತದೆ. ಧ್ಯಾನ ನಿಮಗೆ ಒಗ್ಗುವುದಿಲ್ಲ ಅಂತ ಇದರ ಅರ್ಥವಲ್ಲ. ಅಳು ಬಂದರೆ ಅತ್ತುಬಿಡಿ.

ಕಣ್ಣು ಮುಚ್ಚುವುದೇ ಬೇಡ. ಕುರ್ಚಿಯಲ್ಲಿ ಬೆನ್ನು ಒರಗಿಸಿ, ಬರಿಗಾಲನ್ನು ನೆಲಕ್ಕೆ ಊರಿ. ಅಂಗಾಲಿಗೆ ನೆಲದ ತಂಪು ತಾಗುವುದನ್ನು ಗಮನಿಸಿ. ಮೂಗಿನಿಂದ ಉಸಿರೆಳೆದು, ಎಳೆದುದಕ್ಕಿಂತ ನಿಧಾನವಾಗಿ ಬಿಡಿ, ಹಿಡಿದಿಡಬೇಡಿ. ಉಸಿರು ಬಿಡುವಾಗ ವೇಗಸ್ ನರದ ಹಿಡಿತ ಹೆಚ್ಚಿ ಎದೆಬಡಿತ ತುಸು ಇಳಿಯುತ್ತದೆ. ಐದು ನಿಮಿಷ ಸಾಕು. ಮನಸ್ಸು ವಾರ್ಡಿಗೆ ಓಡುತ್ತದೆ, ಓಡಲಿ. ಓಡಿದ್ದು ಗೊತ್ತಾದ ಕೂಡಲೇ ಅಂಗಾಲಿಗೆ ಮರಳಿ. ಹೀಗೆ ನೂರು ಸಲ ಮರಳಬೇಕಾದರೂ ಬೇಸರ ಬೇಡ, ಮರಳುವುದೇ ಅಭ್ಯಾಸ. ನಾಲ್ಕು ದಿನಕ್ಕೆ ಫಲ ಎಣಿಸಲೂಬೇಡಿ. ಒತ್ತಡದಿಂದ ಬಳಲುವವರಿಗಾಗಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ 1979ರಲ್ಲಿ ಶುರುಮಾಡಿದ ಧ್ಯಾನ ತರಬೇತಿ ಇಂದಿಗೂ 8 ವಾರ ನಡೆಯುತ್ತದೆ.

ಕೂತಾಗ ಗಾಬರಿ ಏರುತ್ತಲೇ ಹೋದರೆ ನಿಲ್ಲಿಸಿ, ಎದ್ದು ನಡೆದಾಡಿ. ನಿದ್ದೆಗೇಡು ವಾರಗಟ್ಟಲೆ ಮುಂದುವರಿದರೆ ಮನೋವೈದ್ಯರನ್ನು ಕಾಣಲೇಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ.

ಪ್ರಶ್ನೆ: ನಿವೃತ್ತ ನೌಕರ, ಮಂಡಿನೋವು. ಪದ್ಮಾಸನ ಹಾಕದೆ ಧ್ಯಾನ ಮಾಡಬಹುದೇ? ಕೂತರೆ ತೂಕಡಿಕೆ ಬೇರೆ.
– ಓದುಗರೊಬ್ಬರು, ಹಾಸನ

ಉತ್ತರ: ಧಾರಾಳವಾಗಿ ಮಾಡಬಹುದು. ಪತಂಜಲಿಯೂ ಆಸನ ಸ್ಥಿರವಾಗಿ, ಸುಖವಾಗಿ ಇರಬೇಕೆಂದನೇ ಹೊರತು ಕಾಲು ಹೀಗೇ ಮಡಚಬೇಕೆಂದು ಹಟ ಹಿಡಿದವನಲ್ಲ. ಕುರ್ಚಿ ಸಾಕು. ತೂಕಡಿಕೆಗೆ ಊಟದ ನಂತರ ಕೂರುವುದು ಕಾರಣವಿರಬಹುದು. ಬೆಳಗ್ಗೆ ಮುಖ ತೊಳೆದ ಮೇಲೆ, ತಿಂಡಿಗೆ ಮುಂಚೆ ಕೂತು ನೋಡಿ. ಆಗಲೂ ತೂಕಡಿಸಿದರೆ ನಿಮ್ಮ ರಾತ್ರಿಯ ನಿದ್ದೆ ಸಾಲದಿರಬಹುದು, ಮೊದಲು ಅದನ್ನು ಸರಿಮಾಡಿಕೊಳ್ಳಿ.