ಪರೀಕ್ಷಾ ಕೋಡು ಮತ್ತು ಕವರೇಜ್ ಲೆಕ್ಕ

ವಿದ್ಯಾರ್ಥಿಗಳೇ, ಅಡತಿ ಅಂಗಡಿಯಲ್ಲಿ ತೊಗರಿ ತೂಗಿದ ಮೇಲೆ ಚೀಲದ ತೂಕ ಕಳೆಯುವುದನ್ನು ನೀವು ಕಂಡಿದ್ದೀರಿ. ಗಣಕಯಂತ್ರದ ಲೆಕ್ಕದಲ್ಲಿಯೂ ಇಂಥದೊಂದು ಇದೆ.

ಕ್ರಮವಿಧಿ ಸರಿಯಿದೆಯೇ ಎಂದು ನೋಡಲು ಇನ್ನೊಂದು ಕ್ರಮವಿಧಿಯನ್ನೇ ಬರೆಯುವರು. ಅದು ಪರೀಕ್ಷಾ ಕೋಡು. ಪರೀಕ್ಷೆಯ ಕಾಲಕ್ಕೆ ಮೂಲ ಕೋಡಿನ ಎಷ್ಟು ಸಾಲು ನಡೆದವು ಎಂಬ ಪ್ರಮಾಣಕ್ಕೆ ಕೋಡ್ ಕವರೇಜ್ ಎನ್ನುವರು. ಮಿಲ್ಲರ್ ಮತ್ತು ಮಲೋನಿ ಎಂಬವರು 1963ರಲ್ಲಿಯೇ ಈ ವಿಚಾರ ಬರೆದಿದ್ದರು. ಇಂದು ಕೋಡು ಒಪ್ಪಿಸಿದೊಡನೆ ಯಂತ್ರವೇ ಪರೀಕ್ಷೆ ನಡೆಸಿ ವರದಿ ಕೊಡುತ್ತದೆ. ಗೊತ್ತುಪಡಿಸಿದ ಮಿತಿಗಿಂತ ಕಡಿಮೆಯಾದರೆ ಮುಂದೆ ಬಿಡದಂತೆಯೂ ಏರ್ಪಡಿಸಬಹುದು.

ತೊಡಕು ಇಲ್ಲಿದೆ. ಮೂಲ ಕೋಡು 100 ಸಾಲು, ನಡೆದದ್ದು 60 ಎನ್ನೋಣ. ಪರೀಕ್ಷಾ ಕೋಡೂ 100 ಸಾಲು. ಅದು ನಡೆಯಲೆಂದೇ ಬರೆದದ್ದು, ಎಲ್ಲವೂ ನಡೆಯಿತು. ಕೂಡಿಸಿದರೆ 200ಕ್ಕೆ 160, ಅಂದರೆ ಶೇ. 80! ಮಿತಿ 75 ಇದ್ದರೆ ನಾಪಾಸಾಗಬೇಕಾದದ್ದು ಪಾಸಾಯಿತು. ಮುಟ್ಟದ 40 ಸಾಲು ಮಾತ್ರ ಹಾಗೆಯೇ ಉಳಿದವು. ಗುರುಗಳೇ ಉತ್ತರ ಬರೆದು ತಮ್ಮ ಅಂಕವನ್ನೂ ತರಗತಿಯ ಸರಾಸರಿಗೆ ಹಿಡಿದಂತಾಯಿತಲ್ಲವೇ?

ಆದುದರಿಂದ ಪೈಥಾನ್ ಭಾಷೆಯ ಕವರೇಜ್ ಸಾಧನಕ್ಕೆ 'ಒಮಿಟ್' ಎಂದು ಪರೀಕ್ಷಾ ಕಡತಗಳ ಹೆಸರು ಕೊಡುವರು. ಪರೀಕ್ಷೆ ನಡೆಯುತ್ತದೆ, ಲೆಕ್ಕಕ್ಕೆ ಬರುವುದಿಲ್ಲ.

ಆದರೂ ಪರೀಕ್ಷಾ ಕೋಡಿನ ಲೆಕ್ಕವನ್ನು ಬೇರೆಯಾಗಿ ನೋಡಬೇಕೆಂದು ನಾವು ಹೇಳುತ್ತೇವೆ. ಒಂದೇ ಕಡತದಲ್ಲಿ ಎರಡು ಪರೀಕ್ಷೆಗೆ ಒಂದೇ ಹೆಸರಿಟ್ಟರೆ ಪೈಥಾನಿನಲ್ಲಿ ಎರಡನೆಯದೇ ಉಳಿಯುತ್ತದೆ. ಮೊದಲನೆಯದು ಸದ್ದಿಲ್ಲದೆ ನಿಂತುಹೋಗುತ್ತದೆ. ಅದರ ನಡೆಯದ ಸಾಲುಗಳು ಈ ಬೇರೆ ಲೆಕ್ಕದಲ್ಲಿ ಕಣ್ಣಿಗೆ ಬೀಳುತ್ತವೆ.