ಫೋನ್ ತುಂಬಿದೆಯಾ? ಕ್ಯಾಶ್ ಅಳಿಸಿ, ಡೇಟಾ ಮುಟ್ಟಬೇಡಿ



ಈ ವಾರ ಗೊಬ್ಬರ, ಕೀಟ, ರೋಗ ಎಲ್ಲ ಪಕ್ಕಕ್ಕಿಟ್ಟು ಮೊಬೈಲ್ ಬಗ್ಗೆ ಬರೀತಾ ಇದ್ದೀನಿ. ಕೃಷಿ ಅಂಕಣದಲ್ಲಿ ಇದ್ಯಾಕೆ ಅಂತ ಕೇಳಬೇಡಿ. ಬೆಳೆ ಸಮೀಕ್ಷೆ, ಪಹಣಿ, ಪಿಎಂ ಕಿಸಾನ್ ಸ್ಟೇಟಸ್, ಮಾರ್ಕೆಟ್ ರೇಟು, ತರಕಾರಿ ಆರ್ಡರ್, ದುಡ್ಡಿನ ವ್ಯವಹಾರ ಎಲ್ಲವೂ ಈಗ ಅದರಲ್ಲೇ. ಮೋಟರ್ ಸುಟ್ಟರೆ ಹೇಗೆ ಕೆಲಸ ನಿಲ್ಲುತ್ತೋ ಫೋನ್ ತುಂಬಿ ಹ್ಯಾಂಗ್ ಆದರೂ ಹಾಗೇ ನಿಲ್ಲುತ್ತೆ.

"ಸರ್, ಫೋನ್‌ಪೇನಲ್ಲಿ ಕ್ಲಿಯರ್ ಕ್ಯಾಶ್ ಅಂತ ಇದೆಯಲ್ಲ, ಅದನ್ನ ಒತ್ತಿದ್ರೆ ಅಕೌಂಟಲ್ಲಿರೋ ದುಡ್ಡು ಹೋಗ್ಬಿಡುತ್ತಾ?" ನಮ್ಮ ಪಿಜಿಎಸ್ ಗುಂಪಿನ ಸಭೆಯಲ್ಲಿ ಒಬ್ಬರು ಕೇಳಿದ್ದು. ಇಬ್ಬರು ಮೂವರು ನಕ್ಕರು. ನಗೋ ಪ್ರಶ್ನೆಯೇನಲ್ಲ ಅದು. ಕ್ಯಾಶ್ ಅಂದರೆ ನಮಗೆ ಗೊತ್ತಿರೋದು ದುಡ್ಡು ಒಂದೇ. ಈ ಇನ್ನೊಂದು ಕ್ಯಾಶ್‌ಗೆ ಇಂಗ್ಲಿಷಿನಲ್ಲಿ ಅಕ್ಷರ ಬೇರೆ, ಉಚ್ಚಾರಣೆ ಮಾತ್ರ ಅದೇ. ನಿಮ್ಮ ದುಡ್ಡು ಇರೋದು ಬ್ಯಾಂಕಿನಲ್ಲಿ, ಫೋನಿನಲ್ಲಲ್ಲ. ಕ್ಯಾಶ್ ಅಳಿಸಿದರೆ ಒಂದು ರೂಪಾಯಿಯೂ ಹೋಗಲ್ಲ. ಹೆದರಬೇಕಾದದ್ದು ಅದರ ಪಕ್ಕದಲ್ಲೇ ಇರುವ ಇನ್ನೊಂದು ಬಟನ್‌ಗೆ.

ಶೆಡ್ಡಿನ ಬುಟ್ಟಿ, ಮನೆಯ ಉಗ್ರಾಣ

ಟೊಮೆಟೊ ಗಿಡ ಕಟ್ಟೋಕೆ ದಾರ ಬೇಕು. ಪ್ರತಿ ಸಲ ಮನೆಗೆ ಓಡೋದು ಯಾಕೆ ಅಂತ ಹೊಲದ ಶೆಡ್ಡಿನಲ್ಲಿ ಒಂದು ಬುಟ್ಟಿ ಇಟ್ಟು ಅದರಲ್ಲಿ ಸ್ವಲ್ಪ ದಾರ, ಒಂದು ಕುಡುಗೋಲು, ಎರಡು ಡ್ರಿಪ್ ಜಾಯಿಂಟರ್ ಹಾಕಿರ್ತೀವಿ. ದಾರದ ದೊಡ್ಡ ಉಂಡೆ ಮನೆಯಲ್ಲೇ ಇರುತ್ತೆ. ಬುಟ್ಟಿ ಖಾಲಿಯಾದರೆ ನಷ್ಟ ಇಲ್ಲ, ಒಂದು ಸಲ ಮನೆಗೆ ಹೋಗಿ ತರಬೇಕು ಅಷ್ಟೆ.

ಕ್ಯಾಶ್ ಆ ಬುಟ್ಟಿ. ನೀವು ಯೂಟ್ಯೂಬ್, ಫೇಸ್‌ಬುಕ್, ಕ್ರೋಮ್ ತೆರೆದಾಗ ಇಂಟರ್ನೆಟ್‌ನಿಂದ ಬಂದ ಚಿತ್ರ, ಪುಟಗಳ ತುಣುಕುಗಳನ್ನ ಆ್ಯಪ್ ಫೋನಿನಲ್ಲೇ ಒಂದು ಕಡೆ ಎತ್ತಿಟ್ಟುಕೊಳ್ಳುತ್ತೆ. ಮುಂದಿನ ಸಲ ಬೇಗ ತೋರಿಸೋಕೆ ಅನುಕೂಲ ಅಂತ. ಬುಟ್ಟಿಗೆ ಹಾಕ್ತಾ ಹೋದ ಹಾಗೆ ಹಳೇ ತಂತಿ, ತುಂಡು ಪೈಪು, ಮುರಿದ ನಾಜಲ್ ಎಲ್ಲ ಸೇರಿಕೊಳ್ಳಲ್ವಾ, ಇಲ್ಲೂ ಹಾಗೇ. ಕೆಲವೊಮ್ಮೆ ಅದರಲ್ಲಿರೋ ತುಣುಕು ಅರ್ಧಕ್ಕೆ ಕೆಟ್ಟಿರುತ್ತೆ, ಇಲ್ಲ ಆ್ಯಪ್ ಅಪ್‌ಡೇಟ್ ಆದ ಮೇಲೆ ಹಳೆಯದು ಹೊಂದದೇ ಹೋಗುತ್ತೆ. ಆಗ ಆ್ಯಪ್ ತೆರೆದ ತಕ್ಷಣ ಮುಚ್ಚಿಕೊಳ್ಳೋದು, ಖಾಲಿ ಬಿಳಿ ಪುಟ ಬರೋದು, ಚಕ್ರ ತಿರುಗ್ತಾನೇ ಇರೋದು.

ಡೇಟಾ ಅಂದರೆ ಮನೆಯ ಉಗ್ರಾಣ. ನೀವು ಲಾಗಿನ್ ಆದ ವಿವರ, ತುಂಬಿದ ಫಾರಂ, ಇನ್ನೂ ಕಳಿಸದೇ ಉಳಿದ ಫೋಟೋ, ಡೌನ್‌ಲೋಡ್ ಮಾಡಿಟ್ಟ ಮ್ಯಾಪ್ ಎಲ್ಲ ಅಲ್ಲಿರುತ್ತೆ. "ಕ್ಲಿಯರ್ ಡೇಟಾ" ಅಥವಾ "ಕ್ಲಿಯರ್ ಸ್ಟೋರೇಜ್" ಒತ್ತಿದರೆ ಉಗ್ರಾಣವೇ ಖಾಲಿ. ಆ್ಯಪ್ ಆವತ್ತೇ ಇನ್‌ಸ್ಟಾಲ್ ಮಾಡಿದ ಸ್ಥಿತಿಗೆ ಬರುತ್ತೆ.

ಕಾಲೇಜಿನಲ್ಲಿ ದಾಳಿಂಬೆ ಪ್ರೂನಿಂಗ್ ಕಲಿಸುವಾಗ ಮೊದಲ ದಿನ ಕತ್ತರಿಯನ್ನೇ ಕೈಗೆ ಕೊಡಲಿಲ್ಲ. ಯಾವುದು ಫಲ ಕೊಡೋ ಕಡ್ಡಿ, ಯಾವುದು ವಾಟರ್ ಶೂಟ್ ಅಂತ ಬರೀ ಗುರುತಿಸೋ ಕೆಲಸ. ಇಲ್ಲೂ ಅದನ್ನೇ ಮಾಡೋಣ.

ಹೇಗೆ ಅಳಿಸೋದು

ಆಂಡ್ರಾಯ್ಡ್ ಫೋನಿನಲ್ಲಿ ಸುಲಭ ದಾರಿ ಇದು. ತೊಂದರೆ ಕೊಡುವ ಆ್ಯಪ್‌ನ ಚಿಹ್ನೆ ಮೇಲೆ ಬೆರಳು ಒತ್ತಿ ಹಿಡಿಯಿರಿ. "ಆ್ಯಪ್ ಇನ್ಫೋ" ಅಂತ ಬರುತ್ತೆ, ಕೆಲವು ಫೋನಿನಲ್ಲಿ ವೃತ್ತದೊಳಗೆ ಒಂದು ಸಣ್ಣ ಗೆರೆಯ ಗುರುತು ಮಾತ್ರ ಇರುತ್ತೆ. ಅದನ್ನ ಒತ್ತಿ, "ಸ್ಟೋರೇಜ್" ಅಥವಾ "ಸ್ಟೋರೇಜ್ ಅಂಡ್ ಕ್ಯಾಶ್" ಒಳಗೆ ಹೋಗಿ. ಅಲ್ಲಿ ಆ್ಯಪ್ ಎಷ್ಟು ಜಾಗ ಹಿಡಿದಿದೆ, ಡೇಟಾ ಎಷ್ಟು, ಕ್ಯಾಶ್ ಎಷ್ಟು ಅಂತ ಬೇರೆ ಬೇರೆ ಕಾಣುತ್ತೆ. "ಕ್ಲಿಯರ್ ಕ್ಯಾಶ್" ಒತ್ತಿ. ಕ್ಯಾಶ್ ಮುಂದಿನ ಅಂಕಿ ಸೊನ್ನೆಗೆ, ಇಲ್ಲ ಸೊನ್ನೆಯ ಹತ್ತಿರಕ್ಕೆ ಬರಬೇಕು. ಡೇಟಾ ಅಂಕಿ ಹಾಗೇ ಇರಬೇಕು.

ಕೆಲವು ಕಂಪನಿ ಫೋನಿನಲ್ಲಿ ಕೆಳಗಡೆ "ಕ್ಲಿಯರ್ ಡೇಟಾ" ಅಂತ ಒಂದೇ ಬಟನ್ ಇರುತ್ತೆ. ಅದನ್ನ ಒತ್ತಿದ ಮೇಲೆ "ಕ್ಲಿಯರ್ ಆಲ್ ಡೇಟಾ", "ಕ್ಲಿಯರ್ ಕ್ಯಾಶ್" ಅಂತ ಎರಡು ಆಯ್ಕೆ ಬರುತ್ತೆ. ಎಡವಟ್ಟಾಗೋದು ಅಲ್ಲೇ. ಫೋನನ್ನ ಕನ್ನಡದಲ್ಲಿ ಇಟ್ಟುಕೊಂಡವರು ಇನ್ನೂ ಹುಷಾರಾಗಿರಿ, ಎರಡೂ ಬಟನ್‌ನಲ್ಲಿ "ತೆರವುಗೊಳಿಸಿ" ಅಂತಲೇ ಇರುತ್ತೆ. ಆ್ಯಪ್‌ನ ಡೇಟಾ ಶಾಶ್ವತವಾಗಿ ಅಳಿಸಿಹೋಗುತ್ತೆ ಅನ್ನೋ ಎಚ್ಚರಿಕೆ ಕಂಡರೆ ತಪ್ಪು ಬಟನ್‌ಗೆ ಬಂದಿದ್ದೀರಿ ಅಂತ ಅರ್ಥ. ಕ್ಯಾನ್ಸಲ್ ಒತ್ತಿ ಹೊರಗೆ ಬನ್ನಿ.

ಎಲ್ಲ ಆ್ಯಪ್‌ನ ಕ್ಯಾಶ್ ಒಂದೇ ಸಲಕ್ಕೆ ಅಳಿಸೋ ಆಯ್ಕೆ ಹಳೇ ಆಂಡ್ರಾಯ್ಡ್‌ನಲ್ಲಿತ್ತು, ಆಂಡ್ರಾಯ್ಡ್ 8 ರಿಂದ ಅದನ್ನ ತೆಗೆದರು. ಈಗ ಒಂದೊಂದಾಗಿಯೇ ಮಾಡಬೇಕು. ಎಲ್ಲವನ್ನೂ ಮಾಡೋ ಅಗತ್ಯವೂ ಇಲ್ಲ. ಯೂಟ್ಯೂಬ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಕ್ರೋಮ್, ಶಾಪಿಂಗ್ ಆ್ಯಪ್‌ಗಳು, ಇಷ್ಟರಲ್ಲೇ ಹೆಚ್ಚಿನ ಕ್ಯಾಶ್ ಸಿಗುತ್ತೆ.

ಐಫೋನ್ ಇರುವವರಿಗೆ ಆ್ಯಪ್ ಕ್ಯಾಶ್‌ಗೆ ಬೇರೆ ಬಟನ್ ಇಲ್ಲ. ಸೆಟ್ಟಿಂಗ್ಸ್, ಜನರಲ್, ಐಫೋನ್ ಸ್ಟೋರೇಜ್‌ನಲ್ಲಿ "ಆಫ್‌ಲೋಡ್ ಆ್ಯಪ್" ಅಂತ ಇದೆ. ಅದು ಆ್ಯಪ್ ತೆಗೆದು ನಿಮ್ಮ ಡೇಟಾ ಉಳಿಸಿಕೊಳ್ಳುತ್ತೆ. ಪಕ್ಕದ "ಡಿಲೀಟ್ ಆ್ಯಪ್" ಬೇರೆ, ಅದು ಎರಡನ್ನೂ ತೆಗೆಯುತ್ತೆ.

ಬೆಳೆ ಸಮೀಕ್ಷೆ ಆ್ಯಪ್ ವಿಷಯ ಬೇರೆ

ಇದಕ್ಕೆ ಸ್ವಲ್ಪ ಜಾಸ್ತಿ ಗಮನ ಕೊಡಿ. ನಮ್ಮ ಸರ್ಕಾರದ ರೈತರ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಹೊಲದಲ್ಲೇ ನಿಂತು ಫೋಟೋ ತೆಗೆದು, ವಿವರ ಸೇವ್ ಮಾಡಿ, ಸಿಗ್ನಲ್ ಇರೋ ಕಡೆ ಬಂದ ಮೇಲೆ ಅಪ್‌ಲೋಡ್ ಮಾಡೋದು ಹಲವರ ರೂಢಿ. ಅಂದರೆ ಅಪ್‌ಲೋಡ್ ಆಗೋವರೆಗೂ ನಿಮ್ಮ ಬೆಳೆಯ ಸಾಕ್ಷಿ ನಿಮ್ಮ ಫೋನಿನಲ್ಲಿ ಮಾತ್ರ ಇರುತ್ತೆ, ಬೇರೆ ಎಲ್ಲೂ ಇಲ್ಲ.

ಗದಗ ಕಡೆಯ ಪರಿಚಯದ ರೈತರೊಬ್ಬರಿಗೆ ಆದದ್ದು ಹೇಳ್ತೀನಿ. ಹೆಸರು ಹಾಕಿದ್ದರು. ಮೂರು ಸರ್ವೆ ನಂಬರಿನ ಫೋಟೋ ತೆಗೆದು ಸೇವ್ ಮಾಡಿದ್ದರು, ಹೊಲದಲ್ಲಿ ಸಿಗ್ನಲ್ ಇರಲಿಲ್ಲ. ಊರಿಗೆ ಬಂದ ಮೇಲೆ ಫೋನ್ ಹ್ಯಾಂಗ್. ಒಂದು ಮೊಬೈಲ್ ಅಂಗಡಿಗೆ ಕೊಟ್ಟರು. ಅಂಗಡಿಯ ಹುಡುಗ "ಕ್ಲೀನ್ ಮಾಡಿ ಕೊಡ್ತೀನ್ರಿ" ಅಂತ ಜಾಸ್ತಿ ಜಾಗ ಹಿಡಿದಿದ್ದ ಆ್ಯಪ್‌ಗಳಿಗೆಲ್ಲ ಕ್ಲಿಯರ್ ಡೇಟಾ ಕೊಟ್ಟ. ಫೋನ್ ಚುರುಕಾಯ್ತು, ಫೋಟೋ ಹೋಯ್ತು. ಇವರಿಗೆ ಗೊತ್ತಾಗಿದ್ದು ಎರಡು ವಾರ ಬಿಟ್ಟು. ಹೆಸರು ಅವಸರದ ಬೆಳೆ, ಅಷ್ಟರಲ್ಲಿ ಕೊಯ್ಲು ಮುಗಿಸಿ ಹೊಲ ಹರಗಿ ಆಗಿತ್ತು. ಖಾಲಿ ಹೊಲದ ಫೋಟೋ ತೆಗೆದು "ಇಲ್ಲಿ ಹೆಸರಿತ್ತು" ಅಂದರೆ ಒಪ್ಪೋರು ಯಾರು? ಬೆಂಬಲ ಬೆಲೆಯ ಖರೀದಿಗೆ, ಬೆಳೆ ವಿಮೆಗೆ, ಬೆಳೆ ನಷ್ಟದ ಪರಿಹಾರಕ್ಕೆ ನೋಡೋದು ಸಮೀಕ್ಷೆಯ ದಾಖಲೆಯನ್ನೇ. ಆಮೇಲೆ ಆಕ್ಷೇಪಣೆ ಹಾಕೋದು, ಅರ್ಜಿ ಬರೆಯೋದು, ಓಡಾಟ ಎಲ್ಲ ಆಯ್ತು. ಆ ಹುಡುಗನನ್ನ ಬೈದು ಪ್ರಯೋಜನ ಇಲ್ಲ, ಆ ಆ್ಯಪ್‌ನಲ್ಲಿ ಏನಿದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಅದಕ್ಕೇ ಸಮೀಕ್ಷೆ ಆ್ಯಪ್‌ನಲ್ಲಿ ಅಪ್‌ಲೋಡ್ ಬಾಕಿ ಇದ್ದಾಗ ಡೇಟಾ ಇರಲಿ, ಕ್ಯಾಶ್ ಕೂಡ ಮುಟ್ಟಬೇಡಿ, ಆ್ಯಪ್ ಅನ್‌ಇನ್‌ಸ್ಟಾಲ್ ಅಂತೂ ಬೇಡವೇ ಬೇಡ. ಯಾವ ಫೋಟೋವನ್ನ ಬುಟ್ಟಿಯಲ್ಲಿಡಬೇಕು, ಯಾವುದನ್ನ ಉಗ್ರಾಣದಲ್ಲಿಡಬೇಕು ಅನ್ನೋದು ಆ್ಯಪ್ ಮಾಡಿದವರ ತೀರ್ಮಾನ, ಹೊರಗಿನಿಂದ ನಮಗೆ ಕಾಣಲ್ಲ. ಮೊದಲು ಸಿಗ್ನಲ್ ಇರೋ ಕಡೆ ಹೋಗಿ ಅಪ್‌ಲೋಡ್ ಮುಗಿಸಿ. ಬೆಳೆ ದರ್ಶಕ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ದಾಖಲಾಗಿದೆ ಅಂತ ನೋಡಬಹುದು. ಅದರಲ್ಲಿ ಕಂಡ ಮೇಲೆ ಏನು ಬೇಕಾದರೂ ಮಾಡಿ.

ಇನ್ನೊಂದು ಮಾತು. ಫೋನಿನಲ್ಲಿ ಜಾಗ ತೀರಾ ಕಮ್ಮಿಯಾದರೆ ಆಂಡ್ರಾಯ್ಡ್ ತಾನಾಗೇ ಆ್ಯಪ್‌ಗಳ ಕ್ಯಾಶ್ ಅಳಿಸೋಕೆ ಶುರು ಮಾಡುತ್ತೆ, ನಿಮ್ಮನ್ನ ಕೇಳಲ್ಲ. ಹೊಸ ಫೋಟೋನೂ ಸೇವ್ ಆಗಲ್ಲ. ಹಾಗಾಗಿ ಸಮೀಕ್ಷೆಗೆ ಹೊಲಕ್ಕೆ ಹೋಗೋ ಮೊದಲೇ ಎರಡು ಮೂರು ಜಿಬಿ ಖಾಲಿ ಇಟ್ಟುಕೊಳ್ಳಿ.

ಪಾವತಿ ಆ್ಯಪ್‌ಗಳಲ್ಲಿ ಕ್ಲಿಯರ್ ಡೇಟಾ ಕೊಟ್ಟರೂ ದುಡ್ಡು ಹೋಗಲ್ಲ. ಆದರೆ ಮತ್ತೆ ಮೊದಲಿಂದ ನೋಂದಣಿ ಮಾಡಿಕೊಳ್ಳಬೇಕು, ಅದಕ್ಕೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿರಬೇಕು, ಎಸ್ಸೆಮ್ಮೆಸ್ ಹೋಗಬೇಕು. ಸಂತೆಯಲ್ಲಿ ನಿಂತು ಮಾಡೋ ಕೆಲಸ ಅಲ್ಲ ಅದು.

ಪಹಣಿ ಪುಟ ತೆರೆಯದಿದ್ದರೆ

ಭೂಮಿ, ಫ್ರೂಟ್ಸ್, ಪಿಎಂ ಕಿಸಾನ್ ವೆಬ್‌ಸೈಟ್‌ಗಳನ್ನ ಹೆಚ್ಚಿನವರು ಕ್ರೋಮ್‌ನಲ್ಲೇ ತೆರೆಯೋದು. ಹೋಬಳಿ, ಗ್ರಾಮ ಆರಿಸೋ ಪಟ್ಟಿ ಬರಲ್ಲ, ಕ್ಯಾಪ್ಚಾ ಚಿತ್ರ ಕಾಣಲ್ಲ, ನಿನ್ನೆ ನೋಡಿದ ಹಳೇ ಪುಟವೇ ಬರುತ್ತೆ. ಹೀಗಾದಾಗ ಮೊದಲು ಕ್ರೋಮ್‌ನ ಮೂರು ಚುಕ್ಕೆ ಒತ್ತಿ "ನ್ಯೂ ಇನ್‌ಕಾಗ್ನಿಟೋ ಟ್ಯಾಬ್" ತೆಗೆದು ಅದರಲ್ಲಿ ಅದೇ ವೆಬ್‌ಸೈಟ್ ಹಾಕಿ. ಆ ಟ್ಯಾಬ್ ಹಳೇ ಬುಟ್ಟಿಗೆ ಕೈ ಹಾಕಲ್ಲ. ಅಲ್ಲಿ ಸರಿಯಾಗಿ ಬಂದರೆ ತೊಂದರೆ ನಿಮ್ಮ ಕ್ಯಾಶ್ ಅಥವಾ ಕುಕೀಸ್‌ನಲ್ಲಿದೆ. ಅಲ್ಲೂ ಬರದಿದ್ದರೆ ನೆಟ್‌ವರ್ಕ್ ಸರಿಯಿಲ್ಲ ಇಲ್ಲವೇ ಸರ್ವರ್ ಡೌನ್, ನೀವು ಹತ್ತು ಸಲ ಕ್ಯಾಶ್ ಅಳಿಸಿದರೂ ಅಷ್ಟೆ. ಬೆಳಗಿನ ಜಾವವೋ ರಾತ್ರಿಯೋ ಮತ್ತೆ ನೋಡಿ.

ಕ್ಯಾಶ್ ಅಳಿಸೋಕೆ ಅದೇ ಮೂರು ಚುಕ್ಕೆಯಲ್ಲಿ "ಡಿಲೀಟ್ ಬ್ರೌಸಿಂಗ್ ಡೇಟಾ" ಇದೆ, ಹಳೇ ಫೋನಿನಲ್ಲಿ "ಕ್ಲಿಯರ್ ಬ್ರೌಸಿಂಗ್ ಡೇಟಾ". ಅದರಲ್ಲಿ "ಕ್ಯಾಶ್ಡ್ ಇಮೇಜಸ್ ಅಂಡ್ ಫೈಲ್ಸ್" ಒಂದಕ್ಕೆ ಮಾತ್ರ ಟಿಕ್ ಇರಲಿ. ಪಾಸ್‌ವರ್ಡ್‌ಗೆ ಟಿಕ್ ಹಾಕಬೇಡಿ. ಕುಕೀಸ್ ಟಿಕ್ ಇದ್ದರೆ ಎಲ್ಲ ಕಡೆ ಲಾಗಿನ್ ಹೋಗಿ ಮತ್ತೆ ಓಟಿಪಿ ಕೇಳುತ್ತೆ. ಬರೀ ಕ್ಯಾಶ್ ಅಳಿಸಿ ಆಗದಿದ್ದರೆ ಆಮೇಲೆ ಅದನ್ನ ನೋಡಿ.

ಜಾಗ ತಿನ್ನೋ ಅಸಲಿ ಕಳೆ

ನಿಜ ಹೇಳಬೇಕೆಂದರೆ ನಾನು ನೋಡಿದ ರೈತರ ಫೋನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ತಿಂದಿರೋದು ವಾಟ್ಸ್‌ಆ್ಯಪ್. ಐದು ಕೃಷಿ ಗುಂಪು, ಎರಡು ರಾಜಕೀಯ ಗುಂಪು, ದಿನಾ ಗುಡ್ ಮಾರ್ನಿಂಗ್ ಹೂವು, ಒಂದೇ ಟ್ರ್ಯಾಕ್ಟರ್ ವಿಡಿಯೋ ನಾಲ್ಕು ಕಡೆಯಿಂದ. ಇದು ಕ್ಯಾಶ್ ಅಲ್ಲ, ಕ್ಲಿಯರ್ ಕ್ಯಾಶ್‌ನಿಂದ ಹೋಗಲ್ಲ. ವಾಟ್ಸ್‌ಆ್ಯಪ್ ಒಳಗೇ ಸೆಟ್ಟಿಂಗ್ಸ್, "ಸ್ಟೋರೇಜ್ ಅಂಡ್ ಡೇಟಾ", "ಮ್ಯಾನೇಜ್ ಸ್ಟೋರೇಜ್"ಗೆ ಹೋಗಿ. 5 ಎಂಬಿಗಿಂತ ದೊಡ್ಡ ಫೈಲ್‌ಗಳು ಒಂದು ಕಡೆ, ತುಂಬ ಸಲ ಫಾರ್ವರ್ಡ್ ಆದವು ಒಂದು ಕಡೆ ಸಿಗುತ್ತೆ. ಫಾರ್ವರ್ಡ್ ಆದದ್ದನ್ನ ಹೆಚ್ಚು ಯೋಚನೆ ಮಾಡದೇ ತೆಗೀಬಹುದು. ದೊಡ್ಡ ಫೈಲ್‌ಗಳನ್ನ ಮಾತ್ರ ಒಂದೊಂದಾಗಿ ನೋಡಿ, ಮಣ್ಣು ಪರೀಕ್ಷೆಯ ವರದಿ, ಬಿಲ್ಲು, ಆರ್ಡರ್ ಇರಬಹುದು. ಅಲ್ಲೇ ಹಿಂದಿನ ಪುಟದಲ್ಲಿ "ಮೀಡಿಯಾ ಆಟೋ ಡೌನ್‌ಲೋಡ್" ಇದೆ, ಅದರಲ್ಲಿ ವಿಡಿಯೋ ಟಿಕ್ ತೆಗೆದರೆ ಮತ್ತೆ ತುಂಬೋದು ನಿಧಾನ ಆಗುತ್ತೆ.

ಸಾವಯವ ದೃಢೀಕರಣದಲ್ಲಿರುವವರಿಗೆ ಒಂದು ಸೂಚನೆ. ಜೀವಾಮೃತ ಮಾಡಿದ ದಿನದ ಫೋಟೋ, ಬೇವಿನ ಹಿಂಡಿ ಬಿಲ್ಲು, ಗುಂಪಿನವರು ತೋಟ ನೋಡೋಕೆ ಬಂದ ದಿನದ ಫೋಟೋ ಇವೆಲ್ಲ ಗ್ಯಾಲರಿಯಲ್ಲಿ ಟ್ರ್ಯಾಕ್ಟರ್ ವಿಡಿಯೋ ಜೊತೆ ಕಲೆತು ಹೋಗಿರುತ್ತೆ. ಅಳಿಸೋ ಮೊದಲು ಅವನ್ನ ಬೇರೆ ಆಲ್ಬಮ್‌ಗೆ ಹಾಕಿ, ಮನೆಯ ಕಂಪ್ಯೂಟರಿಗೋ ಗೂಗಲ್ ಡ್ರೈವ್‌ಗೋ ಒಂದು ಪ್ರತಿ ಕಳಿಸಿ. ಗೂಗಲ್ ಖಾತೆಗೆ 15 ಜಿಬಿ ಉಚಿತ, ನಮ್ಮ ದಾಖಲೆಗೆ ಅದು ಧಾರಾಳ.

"ಫೋನ್ ಸ್ಪೀಡ್ ಮಾಡ್ತೀವಿ", "ಒಂದೇ ಕ್ಲಿಕ್‌ಗೆ ಕ್ಲೀನ್" ಅನ್ನೋ ಆ್ಯಪ್‌ಗಳ ಸಹವಾಸ ನನಗೆ ಇಷ್ಟವಿಲ್ಲ. ಜಾಹೀರಾತು ತುಂಬ್ತವೆ, ಬೇಡದ ಅನುಮತಿ ಕೇಳ್ತವೆ. ಬೇಕೇ ಬೇಕು ಅಂದರೆ ಗೂಗಲ್‌ನ "ಫೈಲ್ಸ್" ಆ್ಯಪ್ ಸಾಕು. ಹಾಗೆ ಸ್ವಚ್ಛ ಮಾಡುವಾಗ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ಹೆಸರಿನ ಕೊನೆಗೆ ಎಪಿಕೆ ಅಂತ ಇರೋ ಫೈಲ್ ಇದೆಯಾ ನೋಡಿ. ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಇಂಥ ಫೈಲ್ ಕಳಿಸಿ ಬ್ಯಾಂಕ್ ಖಾತೆಗೇ ಕನ್ನ ಹಾಕಿದ ಪ್ರಕರಣಗಳು ನಡೆದಿವೆ. ಕಂಡರೆ ತೆರೆಯದೇ ಅಳಿಸಿ.

ಕ್ಯಾಶ್‌ನ ತಪ್ಪಲ್ಲದ ತೊಂದರೆಗಳು

ದಿನಾ ಕ್ಯಾಶ್ ಅಳಿಸೋ ಚಟ ಬೇಡ. ಅಳಿಸಿದ ಮೇಲೆ ಆ್ಯಪ್ ಎಲ್ಲವನ್ನೂ ಮತ್ತೆ ಇಳಿಸಿಕೊಳ್ಳುತ್ತೆ, ಮೊದಲ ಸಲ ನಿಧಾನ, ನೆಟ್ ಕೂಡ ಖರ್ಚು. ಸಿಗ್ನಲ್ ಇಲ್ಲದ ತೋಟಕ್ಕೆ ಹೊರಡೋ ಮುಂಚೆ ಅಳಿಸಿಕೊಂಡು ಹೋದರೆ ಅಲ್ಲಿ ಖಾಲಿ ಪುಟ ನೋಡ್ತಾ ನಿಲ್ಲಬೇಕಾಗುತ್ತೆ. ತೊಂದರೆ ಬಂದಾಗ, ಇಲ್ಲ ಜಾಗ ಕಮ್ಮಿ ಅಂತ ಫೋನ್ ಹೇಳಿದಾಗ ಮಾಡಿದರೆ ಸಾಕು.

ಸಮೀಕ್ಷೆಯಲ್ಲಿ ಲೊಕೇಶನ್ ತೋರಿಸ್ತಿಲ್ಲ, ನಾನು ನಮ್ಮ ಹೊಲದಲ್ಲೇ ಇದ್ದರೂ ಹೊರಗಿದ್ದೀಯ ಅನ್ನುತ್ತೆ ಅಂತ ಹಲವರು ಫೋನ್ ಮಾಡ್ತಾರೆ. ಅದು ಜಿಪಿಎಸ್ ವಿಷಯ. ದಟ್ಟ ಅಡಿಕೆ ತೋಟದೊಳಗೆ ನಿಂತು ನೋಡಿದರೆ ಜಾಗ ಆಚೀಚೆ ತೋರಿಸಬಹುದು. ಆಕಾಶ ಕಾಣೋ ಜಾಗಕ್ಕೆ ಬಂದು ಲೊಕೇಶನ್ ಆಫ್ ಮಾಡಿ ಆನ್ ಮಾಡಿ, ಎರಡು ನಿಮಿಷ ಕಾಯಿರಿ. ಲಾಗಿನ್ ಆಗದಿದ್ದರೆ ಫೋನಿನ ದಿನಾಂಕ, ಸಮಯ ಸರಿಯಿದೆಯಾ ನೋಡಿ.

ಮೇಘದೂತ್ ಆ್ಯಪ್‌ನ ಕೃಷಿ ಸಲಹೆ ಹಳೆಯದೇ ಕಾಣ್ತಿದೆ ಅನ್ನೋರು ಮೊದಲು ಅದರ ಮೇಲಿನ ದಿನಾಂಕ ಓದಿ. ಆ ಸಲಹೆ ಬರೋದು ವಾರಕ್ಕೆ ಎರಡೇ ಸಲ, ಮಂಗಳವಾರ ಮತ್ತು ಶುಕ್ರವಾರ. ಗುರುವಾರ ತೆರೆದು ಮಂಗಳವಾರದ್ದು ಕಂಡರೆ ಫೋನು ಸರಿಯಾಗಿಯೇ ಇದೆ. ಶನಿವಾರವೂ ಮಂಗಳವಾರದ್ದೇ ಇದ್ದರೆ ಆಗ ಕ್ಲಿಯರ್ ಕ್ಯಾಶ್ ಒತ್ತಿ, ಆ್ಯಪ್ ಮುಚ್ಚಿ ಮತ್ತೆ ತೆರೆಯಿರಿ.