ಗಾಡಿಗಿಂತ ಮೊದಲು ರ್‍ಯಾಲಿಗೆ

ಮೋಟರ್‌ಹೋಮ್ ಕೊಳ್ಳುವ ಯೋಚನೆ ಇದೆ, ಯಾವುದನ್ನು ತಗೊಳ್ಳೋಣ ಎಂದು ನಮ್ಮ ಕನ್ನಡ ಕೂಟದವರು ಯಾರಾದರೂ ಕೇಳಿದರೆ ನಾನು ಗಾಡಿಯ ಹೆಸರು ಹೇಳುವುದಿಲ್ಲ. ಒಂದು ಗಾಡಿ ಬಾಡಿಗೆಗೆ ಹಿಡಿದು ಮೊದಲು ರ್‍ಯಾಲಿಗೆ ಹೋಗಿಬನ್ನಿ ಎನ್ನುತ್ತೇನೆ. ಮೋಟರ್‌ಹೋಮ್ ಇರುವವರೆಲ್ಲ ಒಂದು ಮೈದಾನದಲ್ಲಿ ಸೇರಿ ನಾಲ್ಕೈದು ದಿನ ಬೀಡುಬಿಡುವ ಕೂಟ ಅದು. ಅಮೆರಿಕದಲ್ಲಿ ಇದು ಹಳೆಯ ಪರಿಪಾಠ. 1963ರ ಜುಲೈನಲ್ಲಿ ಪೂರ್ಣ ಸೂರ್ಯಗ್ರಹಣ ನೋಡಲೆಂದು ಮೇನ್ ರಾಜ್ಯದ ಹಿಂಕ್ಲಿಯಲ್ಲಿ 26 ಕುಟುಂಬಗಳು ಗಾಡಿ ಸಮೇತ ಸೇರಿದ್ದವು. ಫ್ಯಾಮಿಲಿ ಮೋಟರ್ ಕೋಚ್ ಅಸೋಸಿಯೇಶನ್ ಹುಟ್ಟಿದ್ದು ಅಲ್ಲೇ. 1978ರಲ್ಲಿ ಜೋ ಮತ್ತು ಕೇ ಪೀಟರ್ಸನ್ ದಂಪತಿ ಎಸ್ಕೇಪೀಸ್ ಕ್ಲಬ್ ಕಟ್ಟಿದರು. ಈ ಕ್ಲಬ್‌ಗಳ ರ್‍ಯಾಲಿಗಳು ಇಂದಿಗೂ ನಡೆಯುತ್ತಿವೆ.

ಹಣಕಾಸಿನ ಬಗ್ಗೆ ಬರೆಯುವವಳಿಗೆ ಅಲ್ಲೇನು ಕೆಲಸ ಅಂದರೆ, ಅಲ್ಲಿ ಯಾರೂ ಲೆಕ್ಕ ಮುಚ್ಚಿಡುವುದಿಲ್ಲ. ಕೊಂಡ ಬೆಲೆಯನ್ನು ಹೆಮ್ಮೆಯಿಂದ ಹೇಳುವವರು ಎಲ್ಲ ಕಡೆ ಸಿಗುತ್ತಾರೆ. ಕೊಂಡಮೇಲೆ ಮೈಮೇಲೆ ಬಂದ ಖರ್ಚು, ಮಾರುವಾಗ ಆದ ನಷ್ಟ ಹೇಳುವವರು ಅಪರೂಪ. ರ್‍ಯಾಲಿಯಲ್ಲಿ ಮಾತ್ರ ಸಂಜೆ ಎಲ್ಲರೂ ಮಡಚುವ ಕುರ್ಚಿ ಹಾಕಿಕೊಂಡು ಹೊರಗೆ ಕೂತಾಗ ಆ ಮಾತುಗಳೇ ಮೊದಲು ಬರುತ್ತವೆ. ಮಳೆನೀರು ಸೋರಿ ಗೋಡೆಯ ಒಳಮರ ಕೊಳೆತಿದ್ದಕ್ಕೆ ಎಷ್ಟಾಯಿತು, ಗಾಡಿ ವರ್ಕ್‌ಶಾಪಿನಲ್ಲಿ ಎಷ್ಟು ವಾರ ನಿಂತಿತು, ಇನ್ಶೂರೆನ್ಸ್‌ನವರು ಯಾವುದಕ್ಕೆ ಒಪ್ಪಲಿಲ್ಲ, ಎಲ್ಲವನ್ನೂ ಅಂಕಿಸಂಖ್ಯೆ ಸಮೇತ ಹೇಳುತ್ತಾರೆ. ಕಮಿಷನ್ನಿನ ಆಸೆ ಇಲ್ಲದ ಇಂಥ ಸಲಹೆ ಶೋರೂಮಿನಲ್ಲಿ ಸಿಕ್ಕುವುದಿಲ್ಲ.

ನಮ್ಮ ಗಾಡಿ ಸೆಕೆಂಡ್‌ಹ್ಯಾಂಡ್. ಅದನ್ನು ಆರಿಸುವ ಮುಂಚೆ ರ್‍ಯಾಲಿಯೊಂದರಲ್ಲಿ ಪಕ್ಕದ ಗಾಡಿಯ ಹಿರಿಯರೊಬ್ಬರು ನಮ್ಮನ್ನು ತಮ್ಮ ಟೈರಿನ ಪಕ್ಕ ಮಂಡಿಯೂರಿ ಕೂರಿಸಿದರು. ಟೈರಿನ ಪಕ್ಕೆಯಲ್ಲಿ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಮೋಟರ್‌ಹೋಮ್ ವರ್ಷದಲ್ಲಿ ಹೆಚ್ಚು ದಿನ ನಿಂತೇ ಇರುವುದರಿಂದ ಟೈರು ಸವೆಯುವ ಮೊದಲೇ ರಬ್ಬರಿಗೆ ವಯಸ್ಸಾಗುತ್ತದೆ. ಮೇಲೆ ಹೊಸದರಂತೆ ಕಂಡರೂ ಹಳೆಯದಾಗಿದ್ದರೆ ಆರಕ್ಕೆ ಆರನ್ನೂ ಬದಲಿಸಬೇಕು, ಅದು ಸಾವಿರ ಡಾಲರ್ ದಾಟುವ ಬಾಬ್ತು. ಆಮೇಲೆ ಅವರು ಗೋಡೆಯನ್ನು ಅಂಗೈಯಿಂದ ಒತ್ತಿ ನೋಡುವುದು ಕಲಿಸಿದರು. ಮೂಲೆಗಳಲ್ಲಿ ಮೆತ್ತಗೆ ಒಳಗೆ ಹೋದರೆ ನೀರು ಸೇರಿದೆ ಎಂದೇ ಅರ್ಥ, ಬೆಲೆ ಎಷ್ಟೇ ಇಳಿಸಿದರೂ ಬೇಡ. ಈ ಪಾಠ ಕೇಳಿಕೊಂಡು ಹೋಗಿ ನಾವು ಬಹಳ ಚೆನ್ನಾಗಿ ಕಾಣುತ್ತಿದ್ದ ಒಂದು ಗಾಡಿಯನ್ನು ಬಿಟ್ಟುಬಂದೆವು.

ಎಸ್ಕೇಪೀಸ್‌ನವರ ರ್‍ಯಾಲಿಯಲ್ಲಿ ಒಂದೊಂದು ಚಕ್ರವನ್ನೂ ಬೇರೆ ಬೇರೆ ತೂಗುವ ಸೇವೆ ಇದೆ. ದಿನವೂ ಬಳಸುವ ಸಾಮಾನು, ನೀರು, ಜನ ಎಲ್ಲ ಒಳಗಿರುವಾಗಲೇ ತೂಗಬೇಕು. ನಮ್ಮ ಗಾಡಿಯಲ್ಲಿ ಅಡುಗೆಮನೆ ಇದ್ದ ಎಡಗಡೆಯೇ ಭಾರ ಬಂತು. ಅಕ್ಕಿ, ಬೇಳೆ, ಕುಕ್ಕರ್, ಮಿಕ್ಸಿ ಅತ್ತಲೇ ಇದ್ದವು. ಕೆಲವನ್ನು ಬಲಕ್ಕೆ ಜೋಡಿಸಿ, ಟೈರ್ ಕಂಪನಿಯ ಪಟ್ಟಿ ನೋಡಿ ಆ ತೂಕಕ್ಕೆ ತಕ್ಕಷ್ಟು ಗಾಳಿ ಹಾಕಿಸಿದೆವು. ಟೈರಿನ ಆಯುಸ್ಸು, ಪೆಟ್ರೋಲು, ಎಲ್ಲಕ್ಕಿಂತ ಮುಖ್ಯವಾಗಿ ಪ್ರಾಣ, ಎಲ್ಲದಕ್ಕೂ ಅದು ಒಳ್ಳೆಯದು.

ರ್‍ಯಾಲಿಗೆ ಹೋಗುವ ಖರ್ಚಿನಲ್ಲಿ ಪ್ರವೇಶ ಶುಲ್ಕಕ್ಕಿಂತ ದಾರಿಯ ಖರ್ಚನ್ನು ನೋಡಿಕೊಳ್ಳಬೇಕು. ಗ್ಯಾಲನ್ನಿಗೆ ಎಂಟು ಮೈಲಿ ಕೊಡುವ ಗಾಡಿಯಲ್ಲಿ ಹೋಗಿಬರಲು 1,200 ಮೈಲಿಯಾದರೆ 150 ಗ್ಯಾಲನ್ ಬೇಕು. ಗ್ಯಾಲನ್ನಿಗೆ ಮೂರೂವರೆ ಡಾಲರ್ ಹಿಡಿದರೂ 525 ಡಾಲರ್. ಅದಕ್ಕೇ ನಾವು ಹತ್ತಿರದವನ್ನೇ ಆರಿಸುತ್ತೇವೆ, ಹೋದಲ್ಲಿ ಹೆಚ್ಚು ದಿನ ಇರುತ್ತೇವೆ. ಅರಿಜೋನಾದ ಕ್ವಾರ್ಟ್‌ಸೈಟ್ ಇದಕ್ಕೆ ಹೇಳಿ ಮಾಡಿಸಿದ ಊರು. ಚಳಿಗಾಲದಲ್ಲಿ ಅಲ್ಲಿನ ಮರುಭೂಮಿಯ ತುಂಬ ಮೋಟರ್‌ಹೋಮ್‌ಗಳು. ಕ್ಲಬ್ಬುಗಳು, ಗೆಳೆಯರ ಗುಂಪುಗಳು ಅಲ್ಲಲ್ಲಿ ವೃತ್ತಾಕಾರವಾಗಿ ಗಾಡಿ ನಿಲ್ಲಿಸಿಕೊಳ್ಳುತ್ತವೆ. ಲಾ ಪೋಸಾ ಎಂಬ ಸರ್ಕಾರಿ ಜಾಗದಲ್ಲಿ ನಾವು ಇದ್ದಾಗ ಹದಿನಾಲ್ಕು ದಿನಕ್ಕೆ 40 ಡಾಲರ್, ಸೆಪ್ಟೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗಿನ ಇಡೀ ಋತುವಿಗೆ 180 ಡಾಲರ್ ಇತ್ತು. ಕುಡಿಯುವ ನೀರು ತುಂಬಿಸಿಕೊಳ್ಳಬಹುದು, ಕೊಳೆನೀರು ಖಾಲಿ ಮಾಡಬಹುದು. ಕರೆಂಟು ಮಾತ್ರ ನಮ್ಮದೇ ಸೋಲಾರ್‌ನಿಂದ. ನಮ್ಮ ಮೊಸರನ್ನ, ಗೊಜ್ಜವಲಕ್ಕಿ ಅಲ್ಲಿನ ಸಹಭೋಜನಗಳಲ್ಲಿ ಮೊದಲು ಖಾಲಿಯಾಗುತ್ತವೆ.

ಬಾಡಿಗೆ ಗಾಡಿ ಹಿಡಿಯುವವರು ದಿನದ ಬಾಡಿಗೆ ಮಾತ್ರ ನೋಡಬೇಡಿ. ಮೈಲಿಗಿಷ್ಟು, ಜನರೇಟರ್ ಓಡಿದ ಗಂಟೆಗಿಷ್ಟು ಎಂದು ಬೇರೆಯಾಗಿ ಹಾಕುವುದುಂಟು.

ನಾವು ಗಾಡಿ ಕೊಂಡ ಸುದ್ದಿ ಕೇಳಿ ಮೈಸೂರಿನ ತಮ್ಮ, "ಅಕ್ಕಾ, ಅಷ್ಟು ದುಡ್ಡಲ್ಲಿ ಇಲ್ಲಿ ಊರಾಚೆ ಒಂದು ಸೈಟ್ ಬರ್ತಿತ್ತಲ್ಲ" ಎಂದ. ಅವನ ಮಾತು ಸರಿ. ಸೈಟು ಬೆಲೆ ಏರಲಿ ಎಂದು ಕೊಳ್ಳುವಂಥದ್ದು. ಮೋಟರ್‌ಹೋಮ್ ಕೊಂಡ ದಿನದಿಂದಲೇ ಬೆಲೆ ಇಳಿಯುವಂಥದ್ದು. ಅದನ್ನು ಆಸ್ತಿಯ ಕಾಲಮ್ಮಿನಲ್ಲಿ ಬರೆಯಲೇಬಾರದು. ಮಲಗುವ, ಅಡುಗೆಯ, ಶೌಚದ ವ್ಯವಸ್ಥೆ ಇದ್ದರೆ ಎರಡನೇ ಮನೆಯೆಂದು ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಸಿಗುತ್ತದೆ ಎಂದು ಮಾರುವವರು ಹೇಳುತ್ತಾರೆ. ನಿಜವೇ, ಆದರೆ ಖರ್ಚುಗಳನ್ನು ಬಿಡಿಬಿಡಿಯಾಗಿ ತೋರಿಸುವವರಿಗೆ ಮಾತ್ರ. 2024ರಲ್ಲಿ ಜಂಟಿಯಾಗಿ ತೆರಿಗೆ ಸಲ್ಲಿಸುವ ದಂಪತಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ನೇ 29,200 ಡಾಲರ್ ಇತ್ತು. ಹಾಗಿರುವಾಗ ಈ ವಿನಾಯಿತಿಯನ್ನು ನಂಬಿ ಸಾಲ ಮಾಡಬೇಡಿ. ಅದಕ್ಕಿಂತ, 62 ತುಂಬಿದ ನಾಗರಿಕರಿಗೂ ಗ್ರೀನ್‌ಕಾರ್ಡ್‌ನವರಿಗೂ 80 ಡಾಲರಿಗೆ ಸಿಗುವ ಆಜೀವ ಸೀನಿಯರ್ ಪಾಸ್ ನಿಜವಾದ ಉಳಿತಾಯ. ಕೇಂದ್ರ ಸರ್ಕಾರದ ಅನೇಕ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಅರ್ಧ ಶುಲ್ಕ.

ನನ್ನನ್ನು ಈ ಜನರಿಗೆ ಗಟ್ಟಿಯಾಗಿ ಕಟ್ಟಿಹಾಕಿದ್ದು ಬೇರೊಂದು ಸಂಗತಿ. ಟೆಕ್ಸಾಸ್‌ನ ಲಿವಿಂಗ್‌ಸ್ಟನ್‌ನಲ್ಲಿ ಎಸ್ಕೇಪೀಸ್‌ನವರ ಕೇಂದ್ರದ ಪಕ್ಕ 'ಕೇರ್' ಎಂಬ ಸಂಸ್ಥೆ ಇದೆ. ವಯಸ್ಸಾಗಿ ಅಥವಾ ಕಾಯಿಲೆಯಿಂದ ಊರೂರು ಸುತ್ತಲಾಗದವರು ತಮ್ಮ ಗಾಡಿಯನ್ನು ಅಲ್ಲಿ ನಿಲ್ಲಿಸಿ ಅದರಲ್ಲೇ ಇರುತ್ತಾರೆ. ಊಟ, ಆರೈಕೆ, ಆಸ್ಪತ್ರೆಗೆ ಕರೆದೊಯ್ಯುವುದು ಎಲ್ಲಕ್ಕೂ ಜನ ಇದ್ದಾರೆ. ಕೈಚಾಚಿದರೆ ತಮ್ಮದೇ ಪಾತ್ರೆ, ತಮ್ಮದೇ ಹಾಸಿಗೆ. ಬಾಗಿಲಾಚೆ ರ್‍ಯಾಲಿಯ ಹಳೆಯ ಗೆಳೆಯರು. ಈ ದೇಶದಲ್ಲಿ ಮುಪ್ಪಿನ ಆರೈಕೆಗೆ ಎಷ್ಟು ಹಣ ಬೇಕೆಂದು ಲೆಕ್ಕ ಹಾಕಿದವರಿಗೆ ಇದರ ಬೆಲೆ ಗೊತ್ತು. ನಮ್ಮ ಕೂಟದಲ್ಲೂ ಎಪ್ಪತ್ತು ದಾಟಿದವರು ಹೆಚ್ಚುತ್ತಿದ್ದಾರೆ, ಮಕ್ಕಳೆಲ್ಲ ಬೇರೆ ಬೇರೆ ರಾಜ್ಯಗಳಲ್ಲಿದ್ದಾರೆ. ಮುಂದಿನ ಸಭೆಯಲ್ಲಿ ಈ ವಿಷಯ ಎತ್ತುತ್ತೇನೆ. ಲಿವಿಂಗ್‌ಸ್ಟನ್‌ಗೆ ಹೋಗಿ ಅವರ ಶುಲ್ಕ, ದೇಣಿಗೆ, ಸಿಬ್ಬಂದಿ ಖರ್ಚು ಹೇಗೆ ಸರಿದೂಗುತ್ತದೆ ಎಂದು ಕೇಳಿ ಬರೆದುಕೊಂಡು ಬರುವ ಕೆಲಸವನ್ನು ನಾನೂ ನಮ್ಮವರೂ ವಹಿಸಿಕೊಂಡಿದ್ದೇವೆ.